ದಿನ ತುಂಬಿದ ಮಗಳೂ ನನ್ನ ಔಡಲೆಣ್ಣೆಯೂ

ನಮ್ಮ ಓಣಿಯಲ್ಲಿ ಯಾವ ಹೆಣ್ಣುಮಗಳಿಗೆ ದಿನ ತುಂಬಿದರೂ ಅವರ ಮನೆಯವರು ಒಮ್ಮೆಯಾದರೂ ನನ್ನ ಬಾಗಿಲಿಗೆ ಬರುತ್ತಾರೆ. ನಾನು ಸೂಲಗಿತ್ತಿಯಲ್ಲ, ನರ್ಸಮ್ಮನೂ ಅಲ್ಲ. ತೆಲುಗು ನಾಡಿನ ಗಡಿಯೂರಾದ ಆದೋನಿಯ ಹೋಟೆಲುಗಳಿಗೂ ಮೆಸ್ಸುಗಳಿಗೂ ಜೋಳದ ರೊಟ್ಟಿ ಬಡಿದು ಕೊಡುವುದು ನನ್ನ ಕಸುಬು. ಆದರೆ ಮೂರು ಹೆತ್ತಿದ್ದೇನೆ. ಮೂರೂ ನೋವು ಶುರುವಾದ ಅರ್ಧ ದಿನದೊಳಗೆ ಹೊರಗೆ ಬಂದಿವೆ. ಮೂರನೆಯದು ಹುಟ್ಟಿದ ದಿನ ಬೆಳಿಗ್ಗೆ ರೊಟ್ಟಿ ಬಡಿದು, ಒಲೆ ಆರಿಸಿ, ಕೈ ತೊಳೆದುಕೊಂಡೇ ಆಸ್ಪತ್ರೆಗೆ ಹೋಗಿದ್ದೆ. ಒಬ್ಬ ಹೆಂಗಸಿಗೆ ಬಾಯಿ ಬರಲು ಇಷ್ಟು ಸಾಲದೇ?

ನನ್ನ ಬಾಯಿ ದೊಡ್ಡದು ಎಂದು ನನ್ನ ಅತ್ತೆ ಮೂವತ್ತು ವರ್ಷದಿಂದ ಹೇಳುತ್ತಲೇ ಇದ್ದಾಳೆ. ಹೇಳಲಿ. ಸಣ್ಣ ಬಾಯಿ ಇಟ್ಟುಕೊಂಡು ಹೋಟೆಲಿನವರ ಹತ್ತಿರ ವ್ಯಾಪಾರ ಮಾಡಿ ತೋರಿಸಲಿ ನೋಡೋಣ. ಆದರೆ ಆ ವರ್ಷ ಆ ಬಾಯಿಂದಲೇ ನನ್ನ ಮಗಳನ್ನೂ ಅವಳ ಹೊಟ್ಟೆಯಲ್ಲಿದ್ದ ಕೂಸನ್ನೂ ಎಂಥ ಅಂಚಿಗೆ ತಂದು ನಿಲ್ಲಿಸಿದ್ದೆ ಎನ್ನುವುದನ್ನು ನಾನೇ ಹೇಳಬೇಕು. ಬೇರೆಯವರು ಹೇಳಿದರೆ ಒಂದಕ್ಕೆ ಎರಡು ಸೇರಿಸಿ ಹೇಳುತ್ತಾರೆ.

ಹಿರಿಯ ಮಗಳನ್ನು ಆಲೂರಿನ ಕಡೆ ಕೊಟ್ಟಿದ್ದೇವೆ. ಹೊಲ ಮನೆ ಇರುವವರು, ಒಳ್ಳೆಯ ಜನ. ಮದುವೆಯಾದ ವರ್ಷವೇ ಬಸುರಾದಳು. ಮೂರು ತಿಂಗಳು ತುಂಬುವವರೆಗೆ ಹೊರಗೆ ಬಾಯಿ ಬಿಡಬಾರದು ಎನ್ನುವುದು ಎರಡೂ ಮನೆಯ ರೂಢಿ. ಹೀಗಾಗಿ ದಿನ ಗೊತ್ತು ಮಾಡುವ ಮೊದಲನೆಯ ಸ್ಕ್ಯಾನಿಂಗ್ ಆಗಲೇ ಇಲ್ಲ. ದೀಪಾವಳಿಗೆ ಮಗಳು ತವರಿಗೆ ಬಂದಾಗ ಆಶಾ ಕಾರ್ಯಕರ್ತೆ ಕಾರ್ಡು ಬರೆಯಲು ಮನೆಗೆ ಬಂದಳು. ಕೊನೆಯ ಮುಟ್ಟು ಯಾವ ತಾರೀಖು ಎಂದು ಕೇಳಿದಳು. ಮಗಳು ಸ್ನಾನಕ್ಕೆ ಹೋಗಿದ್ದಳು. ಅವಳು ಬರಲಿ ಎಂದು ಕಾಯುವಷ್ಟು ತಾಳ್ಮೆ ನನಗೆಲ್ಲಿ? ಆಲೂರಿನ ಬೀಗಿತ್ತಿಗೆ, ಅಂದರೆ ಮಗಳ ಅತ್ತೆಗೆ, ಫೋನು ಹಚ್ಚಿದೆ. "ಶ್ರಾವಣದಾಗ ಮೊದಲ್ನೇ ಸೋಮವಾರ ಹೊರಗಾಗಿದ್ಲುರಿ, ನನಗ ಚಲೋ ನೆನಪೈತಿ" ಎಂದಳು. ಗೋಡೆಯ ಕ್ಯಾಲೆಂಡರಿನ ಹಾಳೆಗಳನ್ನು ಹಿಂದಕ್ಕೆ ಮಗುಚಿದೆ. ಅಂಗಡಿಯವರು ಕೊಟ್ಟ ತೆಲುಗು ಕ್ಯಾಲೆಂಡರು. ಶ್ರಾವಣ ಎಂದು ಕಂಡ ಕಡೆ ಬೆರಳಿಟ್ಟು, ಮೊದಲ ಸೋಮವಾರ ಹಿಡಿದು, ಜುಲೈ ತಿಂಗಳ ತಾರೀಖು ಬರೆಸಿದೆ. ಏಪ್ರಿಲ್ ಕೊನೆಗೆ ಹೆರಿಗೆ ಎಂದು ಲೆಕ್ಕ ಬಂತು.

ಆಮೇಲೆ ಒಂದು ದಿನ ಮಗಳು ಕಾರ್ಡು ನೋಡಿ, "ಅವ್ವಾ, ಇದು ಬರೋಬರಿ ಐತೇನು? ಜುಲೈ ಅಂತ ಬರದಾರಲ್ಲ" ಎಂದು ಕೇಳಿದ್ದು ನನಗೆ ನೆನಪಿದೆ. "ನಿಂಗೇನ್ ಗೊತ್ತಾಕ್ಕೈತಿ, ಸುಮ್ನಿರು" ಎಂದಿದ್ದೆ. ಅವಳು ಸುಮ್ಮನಾದಳು. ಅವಳ ಸ್ವಭಾವವೇ ಹಾಗೆ, ನನ್ನ ತದ್ವಿರುದ್ಧ.

ಏಳನೆಯ ತಿಂಗಳಲ್ಲಿ ಕುಬಸ, ಅಂದರೆ ಸೀಮಂತ, ಮಾಡಿ ಮನೆಗೆ ಕರೆದುಕೊಂಡು ಬಂದೆವು. ಸ್ಕ್ಯಾನಿಂಗ್ ಮಾಡಿಸಿದಾಗ ಕೂಸು ಒಂದು ತಿಂಗಳಷ್ಟು ಸಣ್ಣದಿದೆ, ಬೆಳವಣಿಗೆ ಸಾಲದು ಎಂದು ಬರೆದುಕೊಟ್ಟರು. ನನಗೆ ಸಿಟ್ಟು ನೆತ್ತಿಗೇರಿತು. ಸ್ಕ್ಯಾನಿಂಗಿನವರ ಮೇಲಲ್ಲ, ಮಗಳ ಮೇಲೆ. "ಗುಬ್ಬಿ ತಿಂದಂಗ ತಿಂದ್ರ ಕೂಸು ಹೆಂಗ ಬೆಳಿತೈತಿ?" ಎಂದು ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಬಯ್ದೆ. ಅಂದಿನಿಂದ ಶೇಂಗಾದ ಉಂಡೆ, ತುಪ್ಪ, ಹಾಲು, ಮತ್ತೆ ಶೇಂಗಾದ ಉಂಡೆ. ಅವಳು ಸಾಕು ಎಂದರೆ ನಾನು ಇನ್ನೊಂದು ಎನ್ನುತ್ತಿದ್ದೆ. ಎಂಟನೆಯ ತಿಂಗಳಲ್ಲೂ ಆಸ್ಪತ್ರೆಯವರು ಅದನ್ನೇ ಹೇಳಿದರು, ನಾನೂ ಅದನ್ನೇ ಬಯ್ದೆ.

ಏಪ್ರಿಲ್ ಮುಗಿಯಿತು. ಹೇಳಿದ ತಾರೀಖು ಬಂತು, ಹೋಯಿತು. ಬ್ಯಾನಿ ಬರಲಿಲ್ಲ. ನಮ್ಮ ಕಡೆ ಹೆರಿಗೆ ನೋವಿಗೆ ಬ್ಯಾನಿ ಎನ್ನುತ್ತೇವೆ. ಆದೋನಿಯ ಮೇ ತಿಂಗಳ ಬಿಸಿಲು ಗೊತ್ತಿದ್ದವರಿಗೆ ಗೊತ್ತು, ಬೆಳಿಗ್ಗೆ ಎಂಟಕ್ಕೇ ಮಾಳಿಗೆ ಕಾದು ಮನೆಯೆಲ್ಲ ಒಲೆಯಾಗುತ್ತದೆ. ಅಂಥ ಧಗೆಯಲ್ಲಿ ತುಂಬಿದ ಹೊಟ್ಟೆ ಹೊತ್ತ ಮಗಳು, ಅವಳ ಹಿಂದೆ ನಾನು.

ನನ್ನ ಹತ್ತಿರ ಇದ್ದ ಉಪಾಯಗಳನ್ನೆಲ್ಲ ಹೊರಗೆ ತೆಗೆದೆ. ಬಿಸಿಲು ಏರುವ ಮೊದಲು ರೈಲ್ವೆ ಸ್ಟೇಷನ್ ತನಕ ನಡೆಸಿಕೊಂಡು ಹೋಗಿ ನಡೆಸಿಕೊಂಡೇ ಬರುವುದು. ಬಂದ ಮೇಲೆ ಕುಕ್ಕರುಗಾಲಲ್ಲಿ ಕೂತು ಅಂಗಳ ಗುಡಿಸುವುದು. ನೆಲ ಒರೆಸುವ ಕೋಲನ್ನು ಅಟ್ಟಕ್ಕೆ ಹಾಕಿ, ಬಟ್ಟೆ ಕೈಯಲ್ಲಿ ಹಿಡಿದು ಮಂಡಿಯೂರಿ ಒರೆಸು ಎಂದೆ. ಜೀರಿಗೆ, ಅಜವಾನ ಕುದಿಸಿದ ಕಷಾಯ ಎರಡು ಹೊತ್ತು. ಖರ್ಜೂರ ದಿನಾ ಆರು. ಸ್ನಾನಕ್ಕೆ ಸೊಂಟದ ಮೇಲೆ ಬಿಸಿಬಿಸಿ ನೀರು, ಆ ಬೇಸಿಗೆಯಲ್ಲಿ! ಪಕ್ಕದ ಮನೆಯಾಕೆ ಅನಾನಸ್ ರಸ ಕುಡಿಸು ಎಂದಳು, ಕುಡಿಸಿದೆ. ಎದುರು ಮನೆಯಾಕೆ ಖಾರ ತಿನ್ನಿಸು ಎಂದಳು. ಸರಿ, ತೇರಬಜಾರಿನ ಬಂಡಿಯಿಂದ ವಗ್ಗಾಣಿ ಮಿರ್ಚಿ ತರಿಸಿ ಮುಂದಿಟ್ಟೆ. ಆ ಒಗ್ಗರಣೆ ಮಂಡಕ್ಕಿಯ ಜೊತೆ ಮಗಳು ನಾಲ್ಕು ಮಿರ್ಚಿ ಬಜ್ಜಿ ತಿಂದಳು. ಎದೆಯುರಿ ಬಂತು, ಬ್ಯಾನಿ ಬರಲಿಲ್ಲ.

ಆಟೋ ಪ್ರಸಂಗ ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಕುಲುಕಾಡಿದರೆ ಬ್ಯಾನಿ ಏಳುತ್ತದೆ ಎಂದು ಯಾರೋ ಹೇಳಿದ್ದರು. ನಮ್ಮೂರಲ್ಲಿ ಕುಲುಕಾಟಕ್ಕೇನು ಕೊರತೆ? ಮಗಳನ್ನು ಆಟೋದಲ್ಲಿ ಹತ್ತಿಸಿಕೊಂಡು ಊರ ಹೊರಗಿನ ಕೆಟ್ಟ ರಸ್ತೆಗೆ ಹೊಡೆ ಎಂದೆ. ಆಟೋದವನು ಪಾಪ, ಬಸುರಿ ಹೆಣ್ಣುಮಗಳೆಂದು ಒಂದೊಂದು ಗುಂಡಿಯನ್ನೂ ತಪ್ಪಿಸಿ, ಮೆಲ್ಲಗೆ ಓಡಿಸಿದ. "ಗುಂಡಿ ಬಿಟ್ಟು ಯಾಕ ಹೊಡಿತೀಯೋ, ಗುಂಡ್ಯಾಗ ಇಳಿಸು!" ಎಂದು ನಾನು ಕೂಗಿದೆ. ಅವನು ಗಾಡಿ ನಿಲ್ಲಿಸಿ, ಹಿಂದೆ ತಿರುಗಿ, ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಮ್ಮಾ, ನಿಮಗ ತಲಿ ಸರಿ ಐತಿಲ್ರಿ?" ಎಂದ. ಮಗಳು ಆ ದಿನಗಳಲ್ಲಿ ನಕ್ಕಿದ್ದು ಅದೊಂದೇ ಸಲ.

ಕಟ್ಟೆಯ ಮೇಲೆ ಎಲೆ ಅಡಿಕೆ ಕುಟ್ಟುತ್ತ ಕೂತಿದ್ದ ನನ್ನ ಅತ್ತೆಯೂ ಸುಮ್ಮನಿರಲಿಲ್ಲ. "ಬಿತ್ತಿದಾವ್ನ ಕರಸಬೇ, ಬೆಳಿ ತಾನ ತೆಗಿತಾನ" ಎಂದು ಓಣಿಗೆಲ್ಲ ಕೇಳುವಂತೆ ಅಂದಳು. ಮೊಮ್ಮಗಳ ಮುಂದೆ ಆಡುವ ಮಾತೇ ಅದು! ಮಗಳು ನಾಚಿ ಒಳಗೆ ಹೋದಳು. ನಾನು ಮೂಗು ಮುರಿದೆ. ಅತ್ತೆ ಇನ್ನೊಂದು ಮಾತೂ ಹೇಳಿದ್ದಳು, "ಹೊಟ್ಟಿ ಇನ್ನಾ ಇಳದಿಲ್ಲ, ದಿನ ಆಗಿಲ್ಲ ಬಿಡು." ಅವಳು ಹೇಳಿದ್ದಳೆಂಬ ಒಂದೇ ಕಾರಣಕ್ಕೆ ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ತಾರೀಖು ದಾಟಿ ಒಂಬತ್ತನೆಯ ದಿನ ನನ್ನ ಧೈರ್ಯವೂ ಕರಗತೊಡಗಿತು. ಮೊದಲೇ ಸಣ್ಣ ಕೂಸು, ಮೇಲೆ ದಿನ ದಾಟಿದೆ. ಒಳಗೇ ಏನಾದರೂ ಆದರೆ? ಈ ಪ್ರಶ್ನೆ ನಾನು ಯಾರ ಮುಂದೆಯೂ ಆಡಲಿಲ್ಲ, ಆದರೆ ರೊಟ್ಟಿ ಬಡಿಯುವಾಗ ಕೈ ನಿಂತು ನಿಂತು ಹೋಗುತ್ತಿತ್ತು. ಕೊನೆಯ ಉಪಾಯವೊಂದು ಉಳಿದಿತ್ತು, ಔಡಲೆಣ್ಣೆ, ಅಂದರೆ ಹರಳೆಣ್ಣೆ. ಗಾಣದಿಂದ ತಂದ ಎಣ್ಣೆಯನ್ನು ಬಿಸಿ ಹಾಲಿಗೆ ಹಾಕಿ ಬೆಳಿಗ್ಗೆ ಖಾಲಿ ಹೊಟ್ಟೆಗೆ ಕೊಟ್ಟೆ. "ಬ್ಯಾಡವ್ವ, ವಾಸನಿ ತಾಳಾಕ ಆಗವಲ್ದು" ಎಂದಳು. "ಮೂಗು ಮುಚಿಗೊಂಡು ಕುಡಿ. ನಾನೂ ಕುಡದೇ ನಿನ್ನ ಹಡದೀನಿ" ಎಂದೆ. ಸುಳ್ಳು. ನಾನು ಅದನ್ನು ಎಂದೂ ಕುಡಿದಿರಲಿಲ್ಲ, ನನಗೆ ಅದರ ಅಗತ್ಯವೇ ಬಿದ್ದಿರಲಿಲ್ಲ.

ಅವಳು ಕುಡಿದಳು. ಎರಡು ತಾಸಿಗೆ ಶುರುವಾಯಿತು, ಬ್ಯಾನಿಯಲ್ಲ, ಭೇದಿ. ಮೇಲಿಂದ ವಾಂತಿ. ಮಧ್ಯಾಹ್ನದ ಹೊತ್ತಿಗೆ ತುಟಿ ಒಣಗಿ, ಕಣ್ಣು ಗುಳಿ ಬಿದ್ದು, ಗೋಡೆ ಹಿಡಿದು ನಡೆಯುವಂತಾದಳು. "ಅವ್ವಾ, ಕೂಸು ಹೊಳ್ಳಾಡವಲ್ದು" ಎಂದಳು. ನಿಜ ಹೇಳುತ್ತೇನೆ, ಜೀವನದಲ್ಲಿ ಅಷ್ಟು ಹೆದರಿದ್ದು ಅದೇ ಮೊದಲು. ಹಿಟ್ಟಿನ ಕೈಯಲ್ಲೇ ಆಟೋ ಹಿಡಿದು ಆಸ್ಪತ್ರೆಗೆ ಓಡಿದೆ. ಈ ಸಲ ಗುಂಡಿಗಳನ್ನೆಲ್ಲ ತಪ್ಪಿಸು ಎಂದು ನಾನೇ ಕೈ ಮುಗಿದೆ.

ಆಸ್ಪತ್ರೆಯಲ್ಲಿ ಸಲೈನ್ ಹಚ್ಚಿ, ಕೂಸಿನ ಎದೆಬಡಿತ ಕೇಳಿಸಿದರು. ಟಕಟಕ ಎಂದು ಬಡಿಯುತ್ತಿತ್ತು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅಷ್ಟರಲ್ಲಿ ಸುದ್ದಿ ಕೇಳಿ ಆಲೂರಿನಿಂದ ಬೀಗಿತ್ತಿಯೂ ಬಸ್ಸು ಹತ್ತಿ ಬಂದಳು. ಡಾಕ್ಟರಮ್ಮ ಹೊಸಬರು, ಆ ವಾರವಷ್ಟೇ ಬಂದವರು, ತೆಲುಗು ಮಾತಾಡುವವರು. ಔಡಲೆಣ್ಣೆಯ ಸಂಗತಿ ಕೇಳಿ ನನ್ನ ಮೇಲೆ ಹರಿಹಾಯ್ದರು, ಕೇಳದೆ ಇಂಥವನ್ನೆಲ್ಲ ಕುಡಿಸಿ ಜೀವ ತೆಗೆಯುತ್ತೀರೇನು ಎಂದು. ಕಾರ್ಡು ನೋಡಿದರು, ಒಂಬತ್ತು ದಿನ ದಾಟಿದೆ, ಕೂಸು ಸಣ್ಣದು, ಇನ್ನು ಕಾಯುವುದು ಸರಿಯಲ್ಲ, ನಾಳೆ ಬೆಳಿಗ್ಗೆ ಆಪರೇಷನ್ ಮಾಡಿ ತೆಗೆಯುತ್ತೇನೆ ಎಂದರು. ನರ್ಸು ಸಹಿ ಹಾಕುವ ಕಾಗದ ತಂದಳು.

ಆದರೆ ಡಾಕ್ಟರಮ್ಮನಿಗೆ ಏನೋ ಹೊಂದಲಿಲ್ಲ. ಇನ್ನೊಮ್ಮೆ ಹೊಟ್ಟೆ ಮುಟ್ಟಿ ನೋಡಿದರು, ಹಳೆಯ ಸ್ಕ್ಯಾನಿಂಗ್ ಕಾಗದಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದರು. ಕೊನೆಯ ಮುಟ್ಟು ಯಾವಾಗ ಎಂದು ಮಗಳನ್ನು ಕೇಳಿದರು. ನಾನು ತಕ್ಷಣ ತಾರೀಖು ಹೇಳಿದೆ. "ಮೀರು ಆಗಂಡಮ್ಮಾ, ಆ ಅಮ್ಮಾಯಿನಿ ಚೆಪ್ಪನಿವ್ವಂಡಿ" ಎಂದರು, ನೀವು ತಡೆಯಿರಿ, ಹುಡುಗಿ ಹೇಳಲಿ ಎಂದು.

ಮಗಳು ಮಲಗಿದ್ದಲ್ಲಿಂದಲೇ ಮೆಲ್ಲಗೆ ಹೇಳಿದಳು. "ತಾರೀಖು ಗೊತ್ತಿಲ್ರಿ ಮೇಡಂ. ಶ್ರಾವಣ ಸೋಮವಾರ ಮನ್ಯಾಗಿನಾರೆಲ್ಲ ಉರುಕುಂದದ ಗುಡಿಗಿ ಹೋಗಿದ್ರು, ನಾ ಹೊರಗ ಕುಂತಿದ್ದೆ, ಹೋಗಾಕ ಆಗಲಿಲ್ಲ."

ಡಾಕ್ಟರಮ್ಮನಿಗೆ ಅದರಿಂದ ಏನೂ ತಿಳಿಯಲಿಲ್ಲ. ನನಗೆ ತಿಳಿಯಿತು. ಕೈಯಲ್ಲಿದ್ದ ಪೆನ್ನು ಕೈಯಲ್ಲೇ ಉಳಿಯಿತು.

ಆ ವರ್ಷ ಎರಡು ಶ್ರಾವಣ ಬಂದಿದ್ದವು. ಮೊದಲನೆಯದು ಅಧಿಕ ಮಾಸ, ಲೆಕ್ಕ ಸರಿದೂಗಿಸಲು ಪಂಚಾಂಗದವರು ಸೇರಿಸುವ ಹೆಚ್ಚುವರಿ ತಿಂಗಳು. ಆ ತಿಂಗಳಲ್ಲಿ ನಾವು ಶ್ರಾವಣ ಸೋಮವಾರ ಹಿಡಿಯುವುದಿಲ್ಲ, ಬೀಗರ ಮನೆಯವರೂ ಉರುಕುಂದಕ್ಕೆ ಹೋಗುವುದಿಲ್ಲ. ಅವೆಲ್ಲ ಒಂದು ತಿಂಗಳ ಆಮೇಲೆ ಬರುವ ನಿಜ ಶ್ರಾವಣದಲ್ಲಿ. ಅಧಿಕ ಮಾಸದಲ್ಲಿ ಮಾಡುವುದೇ ಬೇರೆ, ಹೊಸ ಅಳಿಯನನ್ನು ಮಗಳ ಸಮೇತ ಮನೆಗೆ ಕರೆದು ಮೂವತ್ತಮೂರು ಹೋಳಿಗೆಯ ಬಾಗಿನ ಕೊಡುವುದು. ನಾನು ಕೊಟ್ಟಿದ್ದೆ. ಆ ಮೊದಲನೆಯ ಶ್ರಾವಣದ ಮೊದಲನೆಯ ಸೋಮವಾರವೇ ಕೊಟ್ಟಿದ್ದೆ. ಅಂದು ನನ್ನ ಮಗಳು ನಮ್ಮ ಮನೆಯ ಒಲೆಯ ಮುಂದೆ ನನ್ನ ಪಕ್ಕದಲ್ಲೇ ಕೂತು ಹೋಳಿಗೆ ಬೇಯಿಸಿದ್ದಳು. ಮುಟ್ಟಾಗಿದ್ದರೆ ನಮ್ಮ ಮನೆಯಲ್ಲಿ ಬಾಗಿನದ ಹೋಳಿಗೆಯ ಹತ್ತಿರ ಸುಳಿಯುವಂತೆಯೇ ಇರಲಿಲ್ಲ. ನಾನು ಕಾರ್ಡಿನಲ್ಲಿ ಬರೆಸಿದ್ದು ಆ ದಿನ.

ಕ್ಯಾಲೆಂಡರಿನಲ್ಲಿ ಅಧಿಕ ಎಂದು ಸಣ್ಣ ಅಕ್ಷರದಲ್ಲಿ ಇತ್ತು, ನಾನು ಕನ್ನಡಕ ಹಾಕಿರಲಿಲ್ಲ ಎಂದೆಲ್ಲ ಹೇಳಬಹುದು. ಆದರೆ ಹೋಳಿಗೆಗೆ ಹೂರಣ ರುಬ್ಬಿದ ಕೈಗೆ ಕನ್ನಡಕ ಯಾಕೆ ಬೇಕಿತ್ತು?

ಒಂದು ಕ್ಷಣ ಸುಮ್ಮನಿದ್ದುಬಿಡೋಣ ಎನ್ನಿಸಿದ್ದೂ ಉಂಟು. ಮಗ್ಗುಲಲ್ಲೇ ಬೀಗಿತ್ತಿ ನಿಂತಿದ್ದಾಳೆ. ಮುಂದೆ ಡಾಕ್ಟರು, ಸುತ್ತ ಬೇರೆ ಬಾಣಂತಿಯರ ಮನೆಯವರು. ಸಹಿ ಹಾಕಿದರೆ ನಾಳೆ ಕೂಸು ಹೊರಗೆ ಬರುತ್ತದೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಆದರೆ ಬಲಿಯದ ಕೂಸನ್ನು ಗೊತ್ತಿದ್ದೂ ಹೊರಗೆ ಎಳೆಸಲೇ? ಥೂ, ಅಂಥ ಮಾನ ಯಾರಿಗೆ ಬೇಕು!

"ತಪ್ಪು ನಂದೈತ್ರಿ ಮೇಡಂ" ಎಂದೆ. ನನ್ನ ಗಂಟಲಿಗೆ ಮೆಲ್ಲಗೆ ಹೇಳಲು ಬರುವುದಿಲ್ಲ, ವಾರ್ಡಿಗೆಲ್ಲ ಕೇಳಿಸಿತು. "ತಾರೀಖು ಬರೆಸಿದಾಕಿ ನಾನು. ಒಂದು ತಿಂಗಳು ಮೊದಲಿಂದು ಬರೆಸೀನಿ. ನನ್ನ ಮಗಳು ಸರಿ ಅದಾಳ, ಕೂಸೂ ಸರಿ ಐತಿ, ಸರಿ ಇಲ್ಲದ್ದು ನನ್ನ ಲೆಕ್ಕ." ಆಮೇಲೆ ತೆಲುಗಿನಲ್ಲಿ ಎರಡೂ ಶ್ರಾವಣ ಬಿಡಿಸಿ ಹೇಳಿದೆ.

ಡಾಕ್ಟರಮ್ಮ ಅಗಸ್ಟಿನ ತಾರೀಖು ಹಿಡಿದು ಮತ್ತೆ ಲೆಕ್ಕ ಹಾಕಿದರು. ಏಳನೆಯ ತಿಂಗಳ ಸ್ಕ್ಯಾನಿಂಗ್ ತಾಳೆಯಾಯಿತು, ಎಂಟನೆಯದೂ ಆಯಿತು. ಅಂದೇ ಇನ್ನೊಂದು ಮಾಡಿಸಿದರು. ನೀರು ಸಾಕಷ್ಟಿದೆ, ಕೂಸು ತನ್ನ ವಯಸ್ಸಿಗೆ ತಕ್ಕಷ್ಟೇ ಇದೆ, ಇನ್ನೂ ಸುಮಾರು ಮೂರು ವಾರ ಬಾಕಿ ಎಂದರು. ಸಹಿಯ ಕಾಗದ ವಾಪಸ್ ತೆಗೆದುಕೊಂಡರು. ನನ್ನ ಕಡೆ ನೋಡಿದ ನೋಟದಲ್ಲಿ ಮಾತ್ರ ಬೈಗುಳ ಇನ್ನೂ ಬಾಕಿ ಇತ್ತು.

ಬೀಗಿತ್ತಿ ಜಗಳ ತೆಗೆಯುತ್ತಾಳೆ ಎಂದು ನಾನು ಸೆರಗು ಬಿಗಿದುಕೊಂಡು ತಯಾರಾಗಿದ್ದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, "ಮೂವತ್ತಮೂರು ಹೋಳಿಗಿ ತಿಂದು ನನ್ನ ಮಗ ಮೂರು ದಿನ ಹೊಟ್ಟಿ ಹಿಡಕೊಂಡಿದ್ದ. ಆವಂಗ ನೆನಪೈತಿ, ಮಾಡಿ ಬಡಿಸಿದ ನಿಮಗ ಮರ್ತತೇನ್ರಿ?" ಎಂದಳು. ಆಮೇಲೆ ಅವಳೇ, "ನಾನೂ ಯಾವ ಶ್ರಾವಣ ಅಂತ ಹೇಳಲಿಲ್ಲ ಬಿಡ್ರಿ" ಎಂದು ನನ್ನ ಕೈ ಹಿಡಿದಳು. ಒಳ್ಳೆಯ ಜನ ಎಂದು ಸುಮ್ಮನೆ ಹೇಳಲಿಲ್ಲ ನಾನು.

ಮರುದಿನ ಮನೆಗೆ ಬಂದೆವು. ಆ ಮೂರು ವಾರ ನಾನು ಮಾಡಿದ ಕೆಲಸ ಏನೆಂದರೆ ಏನೂ ಮಾಡದೆ ಇದ್ದದ್ದು. ನನ್ನಂಥವಳಿಗೆ ಅದಕ್ಕಿಂತ ಕಷ್ಟದ ಕೆಲಸವಿಲ್ಲ. ಮಗಳು ಮನಸ್ಸು ಬಂದರೆ ಸಂಜೆ ಸ್ವಲ್ಪ ನಡೆದಳು, ಬೇಕೆನಿಸಿದ್ದು ತಿಂದಳು, ಕೂಲರಿನ ಮುಂದೆ ನಿದ್ದೆ ಮಾಡಿದಳು. ಓಣಿಯವರು ಇನ್ನೂ ಆಗಲಿಲ್ಲವೇ ಎಂದು ಕೇಳಿದರೆ, "ಆಗಿಲ್ಲ, ನಾನೇ ಲೆಕ್ಕ ತಪ್ಪೀನಿ" ಎಂದು ಎದೆ ಸೆಟೆಸಿಯೇ ಹೇಳಿದೆ. ಅತ್ತೆ ಕಟ್ಟೆಯ ಮೇಲಿಂದ ನಕ್ಕಳು. ನಗಲಿ, ಅವಳಿಗೆ ಆ ಹಕ್ಕಿತ್ತು. ನನ್ನ ತಪ್ಪು ಒಂದಾದರೂ ಸಿಗಲೆಂದು ಮೂವತ್ತು ವರ್ಷ ಕಾದಿದ್ದಾಳೆ ಪಾಪ.

ಮೇ ತಿಂಗಳ ಕೊನೆಗೆ ಒಂದು ಬೆಳಿಗ್ಗೆ ಮಗಳು ತಲೆ ಬಾಚಿಕೊಳ್ಳುತ್ತಿದ್ದವಳು ಬಾಚಣಿಗೆ ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿದಳು. ಸ್ವಲ್ಪ ಹೊತ್ತಿಗೆ ಮತ್ತೆ. ಯಾರೂ ಏನೂ ಕುಡಿಸಿರಲಿಲ್ಲ, ಯಾರೂ ಕುಲುಕಾಡಿಸಿರಲಿಲ್ಲ. ಬ್ಯಾನಿ ತಾನಾಗಿ ಬಂದಿತ್ತು. ಸಂಜೆಯ ಹೊತ್ತಿಗೆ ಸರಾಗವಾಗಿ ಹೆತ್ತಳು, ಹೆಣ್ಣು ಕೂಸು, ಮೈಕೈ ತುಂಬಿಕೊಂಡಿತ್ತು. ಅದೇ ಡಾಕ್ಟರಮ್ಮ ಹೊರಗೆ ಬಂದು, ಅವತ್ತು ತೆಗೆದಿದ್ದರೆ ಇದು ಕೆಲವು ದಿನ ಗಾಜಿನ ಪೆಟ್ಟಿಗೆಯಲ್ಲಿ ಇರಬೇಕಾಗುತ್ತಿತ್ತೋ ಏನೋ ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಒಳಗೆ ಹೋದೆ. ಮಗಳ ಮಗ್ಗುಲಲ್ಲಿ ಕೂಸು ಬಟ್ಟೆಯಲ್ಲಿ ಸುತ್ತಿಕೊಂಡು ಮಲಗಿತ್ತು. ಅವಳು ಬಗ್ಗಿ ಅದರ ಕಿವಿಯಲ್ಲಿ ಏನೋ ಹೇಳುತ್ತಿದ್ದಳು, ಒಂದೇ ಸಮನೆ, ನಮ್ಮ ಮನೆಯ ಮಾತಿಲ್ಲದ ಮಗಳು! "ಹುಟ್ಟಿ ತಾಸಾಗಿಲ್ಲ, ಈಗ್ಲೇ ಶುರು ಮಾಡಿದಿ?" ಎಂದು ನಾನು ತಮಾಷೆ ಮಾಡಿದೆ.

"ಹುಟ್ಟೂಕಿಂತ ಮುಂಚೆನ ಮಾತಾಡ್ತಿದ್ದೆನವ್ವ" ಎಂದಳು. "ಮೂರು ವಾರ ಆತು. ಅದಕ್ಕಿಂತ ಮೊದ್ಲ ಮಾತಾಡ್ಸಾಕ ಧೈರ್ಯ ಇದ್ದಿದ್ದಿಲ್ಲ. ಕೂಸು ಬೆಳಿವಲ್ದು ಅಂದ್ರಿ, ಬ್ಯಾನಿ ಬರವಲ್ದು ಅಂದ್ರಿ. ನನ್ನ ಹೊಟ್ಟ್ಯಾಗ ಏನೋ ಕೆಟ್ಟೈತಿ, ಇದು ಉಳ್ಯಂಗಿಲ್ಲ ಅಂದುಕೊಂಡಿದ್ದೆ. ಮಾತಾಡ್ಸಿ ಹಚಿಗೊಂಡ್ರ ಆಮ್ಯಾಲ ತಾಳಾಕ ಆಗಂಗಿಲ್ಲಂತ ಬಾಯಿ ಮುಚಿಗೊಂಡು ಇದ್ದೆ."

ಮೂರು ತಿಂಗಳಿಗೂ ಮೇಲೆ ಅವಳು ನನ್ನ ಮನೆಯಲ್ಲೇ ಇದ್ದಳು. ದಿನಕ್ಕೆ ಮೂರು ಹೊತ್ತು ಅವಳ ತಟ್ಟೆ ನೋಡಿದ್ದೆ, ಹೊಟ್ಟೆ ನೋಡಿದ್ದೆ, ನಡಿಗೆ ನೋಡಿದ್ದೆ. ಮುಖ ನೋಡಿರಲಿಲ್ಲ. ಮಂಚದ ಅಂಚಿಗೆ ಕೂತು, "ತಪ್ಪಾತು ನಮ್ಮವ್ವ" ಎಂದೆ. ವಾರ್ಡಿನಲ್ಲಿ ಯಾರಿಗೂ ಕೇಳಿಸಲಿಲ್ಲ, ಅವಳಿಗೆ ಕೇಳಿಸಿತು. ಕೂಸನ್ನು ಎತ್ತಿ ನನ್ನ ಕೈಗೆ ಕೊಟ್ಟು, "ನೀನೂ ಮಾತಾಡ್ಸು" ಎಂದಳು. ಊರಿಗೆಲ್ಲ ಮಾತು ಹೇಳುವ ನಾನು ಈ ಸಲ ಮೊದಲು ಮುಖ ನೋಡಿದೆ.